ಟಿಕ್ ಹಾಕಿದರೆ ವಿವೇಕ ಬಂದೀತೇ?

ಪ್ರೌಢಶಾಲೆಯ ಮಕ್ಕಳ ಕೈಗೆ ಪ್ರಶ್ನಾವಳಿ ಕೊಟ್ಟು, 'ಮೊಬೈಲಿಗೆ ಬಂದ ಸುದ್ದಿಯ ಸತ್ಯಾಸತ್ಯತೆಯನ್ನು ಪರಿಶೀಲಿಸುತ್ತೀರಾ?' ಎಂದು ಕೇಳಿದರೆ ಬರುವ ಉತ್ತರವೇನು? 'ಹೌದು, ಯಾವಾಗಲೂ.' ಯಾವ ಉತ್ತರಕ್ಕೆ ಮೇಷ್ಟ್ರು ಖುಷಿಪಡುತ್ತಾರೆಂದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಈ ಟಿಕ್ಕುಗಳನ್ನೇ ಕೂಡಿಸಿ ಶೇಕಡಾವಾರು ತೆಗೆದು, ನಮ್ಮ ಮಕ್ಕಳು ಸಾಮಾಜಿಕ ಜಾಲತಾಣಗಳಲ್ಲಿ ಜಾಗೃತರಾಗಿದ್ದಾರೆಂದು ಘೋಷಿಸುವುದನ್ನು ನಾವು ಒಪ್ಪುವುದಿಲ್ಲ. ದಡದಲ್ಲಿ ನಿಲ್ಲಿಸಿ ಈಜು ಬರುತ್ತದೆಯೇ ಎಂದು ಕೇಳಿದಂತಾಯಿತು ಇದು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮಕ್ಕಳನ್ನು ನೀರಿಗೇ ಇಳಿಸಿದರು. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 3,446 ಪ್ರೌಢಶಾಲಾ ವಿದ್ಯಾರ್ಥಿಗಳು ಭಾಗವಹಿಸಿದ್ದರು. ಅವರಿಗೆ ತೋರಿಸಿದ್ದು ಒಂದು ಮಸುಕು ವೀಡಿಯೊ. ಅಮೆರಿಕದಲ್ಲಿ ಮತಪೆಟ್ಟಿಗೆಗೆ ಕಳ್ಳಮತ ತುರುಕುವ ದೃಶ್ಯವೆಂದು ಅದರ ಒಕ್ಕಣೆ. ಅಸಲಿಗೆ ಅದು ರಷ್ಯಾದ್ದು. ಇಂಟರ್ನೆಟ್ ಕೈಯಲ್ಲೇ ಇತ್ತು, ಹುಡುಕಲು ಅಡ್ಡಿಯೇನೂ ಇರಲಿಲ್ಲ. ಆದರೂ ಶೇ. 52 ಮಂದಿ ಅದನ್ನು ಬಲವಾದ ಪುರಾವೆ ಎಂದುಬಿಟ್ಟರು. ಮೂಲವನ್ನು ಪತ್ತೆ ಹಚ್ಚಿದವರು ಮೂವರು. ಶೇಕಡಾ ಮೂರಲ್ಲ, ಮೂರೇ ಜನ!

ಇದೆಲ್ಲ ಅಮೆರಿಕದ ಮಾತಾಯಿತು ಎಂದು ಸುಮ್ಮನಿರೋಣವೇ? 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವಕನೊಬ್ಬ ಗುಂಪಿನ ಏಟಿಗೆ ಪ್ರಾಣ ಬಿಟ್ಟ. ಜೊತೆಗಾರರು ಮಕ್ಕಳಿಗೆ ಚಾಕೊಲೇಟ್ ಹಂಚಿದ್ದನ್ನು ಕಂಡು 'ಮಕ್ಕಳ ಕಳ್ಳರು' ಎಂಬ ಗುಲ್ಲು ಎದ್ದಿತ್ತು, ವಾಟ್ಸಾಪ್ ಅದನ್ನು ಊರಿಂದೂರಿಗೆ ಮುಟ್ಟಿಸಿತ್ತು. 2020ರಲ್ಲಿ ಕೊರೋನಾ ಹರಡಿದವರೆಂಬ ಹಣೆಪಟ್ಟಿ ನಮ್ಮ ಸಮುದಾಯಕ್ಕೇ ಅಂಟಿತು.

ಆದರೆ ನಾವು ಬರೀ ಬಲಿಪಶುಗಳೇ? 2017ರಲ್ಲಿ ಕೇರಳದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ವಿರುದ್ಧ ಸುಳ್ಳುಗಳು ಹರಿದಾಗ ಅವನ್ನು ದಾಟಿಸಿದವರಲ್ಲಿ ನಮ್ಮವರೂ ಇದ್ದರು. ತಂದ ಸುದ್ದಿಯನ್ನು ವಿಚಾರಿಸಿ ನೋಡಬೇಕೆಂದು ಕುರ್‌ಆನಿನ ಹುಜುರಾತ್ ಅಧ್ಯಾಯ ಆದೇಶಿಸುತ್ತದೆ. ಶುಕ್ರವಾರ ಮಿಂಬರಿನಿಂದ ಅದನ್ನು ಕೇಳಿ ಹೊರಬಂದವರೇ ಚಪ್ಪಲಿ ಮೆಟ್ಟುವ ಮುಂಚೆ ಬುಡವಿಲ್ಲದ 'ಹದೀಸ್' ಒಂದನ್ನು ಹತ್ತು ಗುಂಪುಗಳಿಗೆ ಕಳಿಸಿರುತ್ತಾರೆ. ಆ ಲಸಿಕೆಯ ಅನುಭವದಿಂದ ಎಚ್ಚೆತ್ತ ಕಣ್ಣೂರು ಜಿಲ್ಲಾಡಳಿತ 2018ರಲ್ಲಿ 'ಸತ್ಯಮೇವ ಜಯತೇ' ಹೆಸರಿನಲ್ಲಿ ಸರಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ತರಗತಿಗಳನ್ನು ನಡೆಸಿತು.

ನಮ್ಮ ಶಾಲೆಗಳೂ ಮದ್ರಸಗಳೂ ಪ್ರಶ್ನಾವಳಿಗಳನ್ನು ಬದಿಗಿಡಲಿ. ಆ ವಾರ ಊರಿನಲ್ಲಿ ಸುತ್ತಾಡಿದ ಒಂದು ಫಾರ್ವರ್ಡ್, ಒಂದು ಕಂಪ್ಯೂಟರ್, ಅರ್ಧ ಗಂಟೆ ಕೊಟ್ಟು ವಿದ್ಯಾರ್ಥಿ ಏನು ಮಾಡುತ್ತಾನೆಂದು ನೋಡಲಿ. ಮಕ್ಕಳಿಗಿಂತ ಮೊದಲು ಆಡಳಿತ ಮಂಡಳಿಯವರನ್ನೇ ಈ ಪರೀಕ್ಷೆಗೆ ಕೂರಿಸಿದರೂ ನಮ್ಮ ಆಕ್ಷೇಪವಿಲ್ಲ.