ಐ-20 ಬಂದರೆ ಯೂನಿವರ್ಸಿಟಿ ಅಸಲಿ, ಅಡ್ವಾನ್ಸ್ ಕಳಿಸಿದರೆ ಮನೆ ಖಾತ್ರಿ ಎನ್ನುವುದು ನಿಜವೇ?

ಅಮೆರಿಕದಲ್ಲಿ ಫಾಲ್ ಸೆಮಿಸ್ಟರ್ ಶುರುವಾಗುವುದು ಆಗಸ್ಟ್ ಕೊನೆಗೆ. ಅದಕ್ಕೂ ಮೊದಲಿನ ಕೆಲವು ತಿಂಗಳು ಎಂ.ಎಸ್. ಮಾಡಲು ಹೊರಟವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದೇ ಬಗೆಯ ಸಂದೇಶಗಳು ಓಡಾಡುತ್ತವೆ. ‘ಐ-20 ಬಂತೆಂದರೆ ಯೂನಿವರ್ಸಿಟಿ ಅಸಲಿ ಎಂದೇ ಅರ್ಥ’, ‘ಬಾಡಿಗೆ ಚಿಂತೆ ಬೇಡ, ಪಾರ್ಟ್ ಟೈಮ್ ಕೆಲಸದಲ್ಲೇ ಬರುತ್ತದೆ’, ‘ಕ್ಯಾಂಪಸ್ ಪಕ್ಕದಲ್ಲೇ ರೂಮ್, ಇವತ್ತೇ ಅಡ್ವಾನ್ಸ್ ಕಳಿಸಿದವರಿಗೆ ಮಾತ್ರ’. ಈ ಮೂರು ಮಾತುಗಳಲ್ಲಿ ಎಷ್ಟು ನಿಜವಿದೆ ಎಂದು ನಾವು ನೋಡೋಣ. ಮೂರನ್ನೂ ಒಟ್ಟಿಗೆ ಎತ್ತಿಕೊಳ್ಳಲು ಕಾರಣವಿದೆ. ಯಾವ ಯೂನಿವರ್ಸಿಟಿ ಎನ್ನುವುದನ್ನು ಮೊದಲು ತೀರ್ಮಾನಿಸಿ, ಎಲ್ಲಿ ಇರುವುದು ಎನ್ನುವುದನ್ನು ವೀಸಾ ಬಂದ ಮೇಲೆ ನೋಡೋಣ ಎಂದು ಬಿಟ್ಟವರೇ ಕೊನೆಯ ಗಡಿಬಿಡಿಯಲ್ಲಿ ಹಣ ಕಳೆದುಕೊಳ್ಳುವುದು. ಎಷ್ಟೋ ಮನೆಗಳಲ್ಲಿ ಆ ಹಣ, ಅಪ್ಪ ಸೈಟು ಅಡವಿಟ್ಟು ತಂದ ಸಾಲ.

ಐ-20 ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಐ-20 ಎನ್ನುವುದು ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಪತ್ರ. ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅಮೆರಿಕ ಸರ್ಕಾರದ ಅನುಮತಿ ಪಡೆದ ಸಂಸ್ಥೆಗಳು ಇದನ್ನು ಕೊಡುತ್ತವೆ. ಪಾಠ ಚೆನ್ನಾಗಿದೆ ಎಂಬುದಕ್ಕೆ ಇದು ಪ್ರಮಾಣಪತ್ರವಲ್ಲ.

ಮಿಷಿಗನ್ ರಾಜ್ಯದ ‘ಯೂನಿವರ್ಸಿಟಿ ಆಫ್ ಫಾರ್ಮಿಂಗ್ಟನ್’ ನೆನಪಿರಬಹುದು. ಅದಕ್ಕೆ ವೆಬ್‌ಸೈಟ್ ಇತ್ತು, ಲಾಂಛನ ಇತ್ತು, ಸರ್ಕಾರದ ಪಟ್ಟಿಯಲ್ಲಿ ಹೆಸರೂ ಇತ್ತು. ಇಲ್ಲದೇ ಇದ್ದದ್ದು ಮೇಷ್ಟ್ರು ಮತ್ತು ತರಗತಿ. ವೀಸಾ ವಂಚನೆ ಹಿಡಿಯಲು ಅಮೆರಿಕದ ವಲಸೆ ಇಲಾಖೆಯೇ ಗುಟ್ಟಾಗಿ ನಡೆಸುತ್ತಿದ್ದ ನಕಲಿ ಸಂಸ್ಥೆ ಅದು. ಸುಮಾರು 600 ಮಂದಿ ಸೇರಿದ್ದರು. 2019ರ ಜನವರಿಯಲ್ಲಿ ವಿಷಯ ಹೊರಬಿದ್ದಾಗ ಮೊದಲ ಸುತ್ತಿನಲ್ಲೇ ಬಂಧಿತರಾದ 130 ವಿದ್ಯಾರ್ಥಿಗಳಲ್ಲಿ 129 ಮಂದಿ ಭಾರತೀಯರು. ಪಾಠ ನಡೆಯುವುದಿಲ್ಲ ಎಂದು ಗೊತ್ತಿದ್ದೇ ಸೇರಿದ್ದರು ಎನ್ನುವುದು ಸರ್ಕಾರದ ವಾದ, ನಮಗೆ ಮೋಸವಾಗಿದೆ ಎನ್ನುವುದು ಹಲವು ವಿದ್ಯಾರ್ಥಿಗಳ ವಾದ. ಅದಕ್ಕೂ ಮೊದಲು, 2011ರಲ್ಲಿ, ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಯೂನಿವರ್ಸಿಟಿ ಮೇಲೆ ದಾಳಿಯಾದಾಗಲೂ ಕಷ್ಟಕ್ಕೆ ಸಿಕ್ಕವರು ಹೆಚ್ಚಾಗಿ ನಮ್ಮವರೇ. ಅವರ ಕೈಯಲ್ಲೂ ಐ-20 ಇತ್ತು.

ಹಾಗಾದರೆ ನೋಡಬೇಕಾದದ್ದು ಏನನ್ನು? ಮಾನ್ಯತೆ ಇದೆಯೇ ಎಂದು ಅಮೆರಿಕದ ಶಿಕ್ಷಣ ಇಲಾಖೆಯ ತಾಣದಲ್ಲಿ ಹುಡುಕುವುದು ಮೊದಲ ಹೆಜ್ಜೆ. ಅಷ್ಟಕ್ಕೇ ನಿಲ್ಲಬಾರದು. ಈ ಸೆಮಿಸ್ಟರ್‌ನಲ್ಲಿ ನಿಮ್ಮ ವಿಭಾಗದಲ್ಲಿ ಯಾವ ಪಾಠ, ಯಾರು, ಯಾವ ದಿನ, ಯಾವ ಕೊಠಡಿಯಲ್ಲಿ ಮಾಡುತ್ತಿದ್ದಾರೆ ಎಂಬ ವೇಳಾಪಟ್ಟಿಯನ್ನು ಅನೇಕ ಯೂನಿವರ್ಸಿಟಿಗಳು ಎಲ್ಲರಿಗೂ ಕಾಣುವಂತೆ ಹಾಕಿರುತ್ತವೆ. ಅದನ್ನು ತೆರೆದು ನೋಡಿ. ಎರಡನೇ ವರ್ಷದಲ್ಲಿ ಓದುತ್ತಿರುವ ಒಬ್ಬರ ಜೊತೆ ಮಾತಾಡಿ. ಕನ್ಸಲ್ಟೆನ್ಸಿಯವರು ಕೊಟ್ಟ ನಂಬರ್ ಬೇಡ, ನೀವೇ ಹುಡುಕಿಕೊಂಡವರಾದರೆ ಒಳ್ಳೆಯದು.

ರ‍್ಯಾಂಕಿಂಗ್ ಬಗ್ಗೆ ಒಂದೇ ಮಾತು. ಹೆಚ್ಚಾಗಿ ಫಾರ್ವರ್ಡ್ ಆಗುವ ಕ್ಯೂಎಸ್ ಪಟ್ಟಿಯಲ್ಲಿ ಶೇ. 30ರಷ್ಟು ಅಂಕ ಬರುವುದು ವಿದ್ವಾಂಸರ ಅಭಿಪ್ರಾಯ ಸಮೀಕ್ಷೆಯಿಂದ. ಆ ಊರಿನಲ್ಲಿ ರೂಮಿಗೆ ಎಷ್ಟು ಬಾಡಿಗೆ ಎನ್ನುವುದಕ್ಕೆ ಅಲ್ಲಿ ಅಂಕವಿಲ್ಲ.

ಆ ಲೆಕ್ಕ ಐ-20ಯಲ್ಲೇ ಇದೆ, ಯಾರೂ ಓದುವುದಿಲ್ಲ ಅಷ್ಟೇ. ಫೀಸು ಎಷ್ಟು, ಊಟ-ವಸತಿಗೆ ಎಷ್ಟು ಎಂದು ಯೂನಿವರ್ಸಿಟಿ ಮಾಡಿದ ಅಂದಾಜು ಅದರಲ್ಲಿ ಅಚ್ಚಾಗಿರುತ್ತದೆ. ಕ್ಯಾಂಪಸ್ ಸುತ್ತಲಿನ ರೂಮುಗಳ ಈಗಿನ ಬಾಡಿಗೆ ಜೊತೆ ಅದನ್ನು ಹೋಲಿಸಿ. ಬಸ್ ಇದೆಯೇ ಎಂದೂ ನೋಡಿ. ಬಸ್ಸಿಲ್ಲದ ಊರಿನಲ್ಲಿ ಅಗ್ಗದ ಮನೆ ಎಂದರೆ ಆರು ತಿಂಗಳಲ್ಲಿ ಒಂದು ಕಾರು ಎಂದೇ ಅರ್ಥ. ಎರಡು ಯೂನಿವರ್ಸಿಟಿಗಳ ನಡುವೆ ತೂಗುವಾಗ ಇದನ್ನೂ ತಕ್ಕಡಿಗೆ ಹಾಕಬೇಕು.

ಪಾರ್ಟ್ ಟೈಮ್ ಲೆಕ್ಕ

ಎಫ್-1 ವೀಸಾದಲ್ಲಿ ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಮೊದಲ ವರ್ಷ ಹೊರಗಿನ ಕೆಲಸಕ್ಕೆ ಸಾಮಾನ್ಯವಾಗಿ ಅನುಮತಿಯೇ ಇಲ್ಲ. 2009ರಿಂದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಟೆಕ್ಸಾಸ್‌ನಂಥ ರಾಜ್ಯಗಳಲ್ಲಿ ಇಂದಿಗೂ ಅದೇ, ಕೆಲವು ರಾಜ್ಯಗಳಲ್ಲಿ ಹೆಚ್ಚಿದೆ. ಆ ದರದಲ್ಲಿ ನಾಲ್ಕು ವಾರ ದುಡಿದರೆ 580 ಡಾಲರ್, ಅದೂ ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕರೆ. ಉಳಿದದ್ದನ್ನು ಪೆಟ್ರೋಲ್ ಬಂಕಿನಲ್ಲಿ ನಗದಿಗೆ ದುಡಿದು ತುಂಬಿಸಿಕೊಳ್ಳಬಹುದು ಎಂದು ಸಲಹೆ ಕೊಡುವವರು ವೀಸಾ ಹೋದಾಗ ಜೊತೆಗೆ ಬರುವುದಿಲ್ಲ.

ಅಡ್ವಾನ್ಸ್ ಎಂಬ ನಮ್ಮ ಅಭ್ಯಾಸ

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಮನೆ ಹಿಡಿದು ಗೊತ್ತಿರುವ ನಮಗೆ, ಅಮೆರಿಕದಿಂದ ಯಾರಾದರೂ ಮೂರು ತಿಂಗಳದ್ದು ಕೇಳಿದರೆ ಸದ್ಯ, ಕಡಿಮೆಯೇ ಎನಿಸುತ್ತದೆ. ಮೋಸಗಾರರಿಗೆ ಇದು ಅನುಕೂಲ. ಅಲ್ಲಿ ಡೆಪಾಸಿಟ್ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕ್‌ನಲ್ಲಿ 2019ರಿಂದ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ಕೇಳುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲೂ 2024ರ ಜುಲೈಯಿಂದ, ಕೆಲವು ಸಣ್ಣ ಮಾಲೀಕರನ್ನು ಬಿಟ್ಟರೆ, ಅದೇ ಮಿತಿ. ಮ್ಯಾಸಚೂಸೆಟ್ಸ್‌ನಲ್ಲಿ ಒಂದು ತಿಂಗಳ ಡೆಪಾಸಿಟ್ ಜೊತೆಗೆ ಮೊದಲ ಮತ್ತು ಕೊನೆಯ ತಿಂಗಳ ಬಾಡಿಗೆಯನ್ನೂ ಮುಂಗಡ ಕೇಳಬಹುದು. ಅಂದರೆ ಬಾಸ್ಟನ್‌ಗೆ ಹೋಗುವವರು ಮೂರು ತಿಂಗಳ ಬಾಡಿಗೆಯಷ್ಟು ಹಣ ಕೈಯಲ್ಲಿ ಇಟ್ಟುಕೊಂಡೇ ಹೋಗಬೇಕು. ಟೆಕ್ಸಾಸ್‌ನಲ್ಲಿ ಮಿತಿಯೇ ಇಲ್ಲ.

ಹೊಸದಾಗಿ ಹೋದವರಿಗೆ ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರುವುದಿಲ್ಲ, ಕ್ರೆಡಿಟ್ ಸ್ಕೋರ್ ಇರುವುದಿಲ್ಲ. ಆದ್ದರಿಂದ ಅನೇಕ ಮಾಲೀಕರು ಅಮೆರಿಕದಲ್ಲೇ ಇರುವ ಜಾಮೀನುದಾರರನ್ನು ಕೇಳುತ್ತಾರೆ. ಅದು ಸಿಗದವರು ಫೇಸ್‌ಬುಕ್, ಟೆಲಿಗ್ರಾಂ ಗ್ರೂಪ್‌ಗಳಿಗೆ ಇಳಿಯುತ್ತಾರೆ, ವಂಚಕರು ಕಾದಿರುವುದೂ ಅಲ್ಲೇ. ಅಸಲಿ ಜಾಹೀರಾತಿನಿಂದ ಫೋಟೋ ಮತ್ತು ವಿಳಾಸ ಕದ್ದು, ಬಾಡಿಗೆ ಒಂದಿಷ್ಟು ಇಳಿಸಿ ಹಾಕುತ್ತಾರೆ. ‘ನಾನು ಊರಲ್ಲಿಲ್ಲ, ಹಣ ಬಂದ ಕೂಡಲೇ ಕೀ ಕೊರಿಯರ್ ಮಾಡುತ್ತೇನೆ’ ಎನ್ನುತ್ತಾರೆ. ಹಣ ಕೇಳುವುದು ವೈರ್ ಟ್ರಾನ್ಸ್‌ಫರ್, ಜೆಲ್, ಗಿಫ್ಟ್ ಕಾರ್ಡ್ ಅಥವಾ ಕ್ರಿಪ್ಟೋದಲ್ಲಿ, ಅಂದರೆ ವಾಪಸ್ ಪಡೆಯುವುದು ಬಹಳ ಕಷ್ಟವಾದ ದಾರಿಗಳಲ್ಲಿ.

ಫೋಟೋವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿದರೆ ಅದೇ ಮನೆ ಬೇರೆ ಊರಿನಲ್ಲಿ, ಬೇರೆ ಬಾಡಿಗೆಗೆ ಸಿಗುವುದುಂಟು. ವಿಡಿಯೋ ಕಾಲ್‌ನಲ್ಲಿ ಬೀದಿಯಿಂದಲೇ ಶುರುಮಾಡಿ, ಮನೆ ನಂಬರ್ ತೋರಿಸಿ, ಬಾಗಿಲು ತೆರೆದು ಒಳಗೆ ಹೋಗಲು ಹೇಳಿ. ನೆಪ ಹೇಳಿದರೆ ಅಲ್ಲಿಗೇ ಬಿಡಿ. ನಮ್ಮ ಅಭಿಪ್ರಾಯದಲ್ಲಿ ಇನ್ನೂ ಒಳ್ಳೆಯ ದಾರಿ ಇಲ್ಲಿಂದ ಹಣವನ್ನೇ ಕಳಿಸದಿರುವುದು. ಎಫ್-1 ವೀಸಾದವರು ಕೋರ್ಸ್ ಶುರುವಾಗುವ 30 ದಿನ ಮೊದಲೇ ಅಮೆರಿಕಕ್ಕೆ ಕಾಲಿಡಬಹುದು. ಅನೇಕ ಕ್ಯಾಂಪಸ್‌ಗಳಲ್ಲಿ ಭಾರತೀಯ ವಿದ್ಯಾರ್ಥಿ ಸಂಘದವರು ಹೊಸಬರನ್ನು ಕೆಲವು ದಿನ ಸೀನಿಯರ್‌ಗಳ ಮನೆಯಲ್ಲಿ ಉಳಿಸುತ್ತಾರೆ. ಆ ದಿನಗಳಲ್ಲಿ ಕಣ್ಣಾರೆ ನೋಡಿ ಸಹಿ ಹಾಕಬಹುದು.

ಸಹಿ ಹಾಕುವ ಮುನ್ನ ಲೀಸ್ ಓದಿ. ಕರಾರು ಸಾಮಾನ್ಯವಾಗಿ 12 ತಿಂಗಳದ್ದು, ಬೇಸಿಗೆ ರಜೆಗೆ ಊರಿಗೆ ಬಂದರೂ ಬಾಡಿಗೆ ನಿಲ್ಲುವುದಿಲ್ಲ. ನಾಲ್ವರು ಒಂದೇ ಲೀಸ್‌ಗೆ ಒಟ್ಟು ಹೊಣೆಯ ಮೇಲೆ ಸಹಿ ಹಾಕಿದ್ದು, ಒಬ್ಬ ಬಿಟ್ಟು ಹೋದರೆ ಅವನ ಪಾಲನ್ನೂ ಉಳಿದ ಮೂವರೇ ಕಟ್ಟಬೇಕಾಗುತ್ತದೆ. ಮನೆ ಬದಲಿಸಿದರೆ 10 ದಿನದೊಳಗೆ ಹೊಸ ವಿಳಾಸವನ್ನು ಯೂನಿವರ್ಸಿಟಿಯ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ತಿಳಿಸುವುದು ವೀಸಾ ನಿಯಮ.

ಹಣ ಈಗಾಗಲೇ ಹೋಗಿದ್ದರೆ ನಾಚಿಕೆಯಿಂದ ಸುಮ್ಮನಿರಬೇಡಿ. ಮೊದಲ ಕೆಲವು ಗಂಟೆಗಳೇ ಮುಖ್ಯ. ಬ್ಯಾಂಕಿಗೆ ಫೋನ್ ಮಾಡಿ ವರ್ಗಾವಣೆ ತಡೆಯಲು ಕೇಳಿ, ಭಾರತದಿಂದ ಕಳಿಸಿದ್ದರೆ 1930ಕ್ಕೆ ಕರೆ ಮಾಡಿ. ಎಫ್‌ಬಿಐ ನಡೆಸುವ ಐಸಿ3 ತಾಣದಲ್ಲೂ ದೂರು ದಾಖಲಿಸಬಹುದು. ಚಾಟ್, ಖಾತೆ ನಂಬರ್, ಜಾಹೀರಾತಿನ ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ.