ನಡೆದವರು ಮತ್ತು ಕಾದವರು

2021ರಲ್ಲಿ ಬ್ರಿಟನ್ನಿನ ಕ್ರೈಸ್ತ ತರುಣರು, ಅವರಲ್ಲಿ ಆಂಗ್ಲಿಕನ್ನರೂ ಸೇರಿದಂತೆ, ಕಾರ್ನ್‌ವಾಲ್‌ನಿಂದ ಹವಾಮಾನ ಸಮ್ಮೇಳನದ ನಗರವಾದ ಗ್ಲಾಸ್ಗೋದವರೆಗೆ ಸರದಿಯ ಪಾದಯಾತ್ರೆ ಕೈಗೊಂಡರು. ಬಡ ರಾಷ್ಟ್ರಗಳಿಗೆ ವಾಗ್ದಾನ ಮಾಡಿದ ಹಣವನ್ನು ಸಿರಿವಂತ ರಾಷ್ಟ್ರಗಳು ಸಲ್ಲಿಸಲಿ ಎಂಬುದು ಅವರ ಆಗ್ರಹವಾಗಿತ್ತು.

ಹಿರಿಯರು ಸುಮ್ಮನಿರಲಿಲ್ಲ. 2020ರ ಫೆಬ್ರವರಿಯಲ್ಲಿ ಚರ್ಚ್ ಆಫ್ ಇಂಗ್ಲೆಂಡಿನ ಮಹಾಸಭೆಯು, ತನ್ನ ಇಂಗಾಲ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ ಇಳಿಸಲು ಮೂಲ ಠರಾವಿನಲ್ಲಿದ್ದ 2045ರ ಗಡುವನ್ನು ಒಪ್ಪದೆ 2030 ಎಂದು ತಿದ್ದಿತ್ತು. ಆದರೆ ಚರ್ಚಿನ ನಿಧಿ ತೈಲ ಕಂಪನಿಗಳ ಷೇರುಗಳಲ್ಲಿಯೂ ಇತ್ತು. ಪ್ಯಾರಿಸ್ ಒಪ್ಪಂದಕ್ಕೆ ಹೊಂದಿಕೊಳ್ಳದ ಕಂಪನಿಗಳಿಂದ 2023ರೊಳಗೆ ಹೊರಬರಬೇಕೆಂದು 2018ರಲ್ಲಿಯೇ ನಿರ್ಣಯವಾಗಿತ್ತು. ಷೇರುದಾರರಾಗಿ ಉಳಿದು ಕಂಪನಿಗಳ ಮನವೊಲಿಸುವ ಯತ್ನ ಐದು ವರ್ಷ ನಡೆಯಿತು. ಕೊನೆಗೆ 2023ರ ಜೂನ್‌ನಲ್ಲಿ ಶೆಲ್, ಬಿಪಿ, ಎಕ್ಸಾನ್‌ಮೊಬಿಲ್ ಮೊದಲಾದವುಗಳಿಂದ ಹಣ ಹಿಂತೆಗೆಯುವ ತೀರ್ಮಾನ ಹೊರಬಿದ್ದಿತು.

ಸಹನೆ ಸದ್ಗುಣವೇ ಸರಿ. ಆದರೆ ಹಿರಿಯರ ಸಹನೆಯ ಬೆಲೆಯನ್ನು ತೆರುವವರು ಕಿರಿಯರಾದಾಗ ಅದು ವಿಳಂಬವೆನಿಸುತ್ತದೆ. ಧರ್ಮಸಂಸ್ಥೆಯ ನಿಷ್ಠೆ ಪ್ರವಚನದಲ್ಲಲ್ಲ, ಅದರ ಜಮಾಖರ್ಚಿನ ಪುಸ್ತಕದಲ್ಲಿ ಪರೀಕ್ಷೆಗೊಳಗಾಗುತ್ತದೆ. ಆ ಪುಸ್ತಕವನ್ನು ತೆರೆದು ತೋರಿಸೆಂದು ಕೇಳುವ ತರುಣರು ಧರ್ಮದ್ರೋಹಿಗಳಲ್ಲ. ಧರ್ಮವನ್ನು ಅಕ್ಷರಶಃ ನಂಬಿದವರು.