ಅಂಗೈಯಲ್ಲಿ ಉರುಳುವ ಗುಂಡು

ಗಣಕಯಂತ್ರದ ತೆರೆಯ ಮೇಲೆ ಬಾಣದ ಗುರುತನ್ನು ನಡೆಸಲು ಮೌಸು ಎಂಬ ಉಪಕರಣವುಂಟೆಂಬುದನ್ನು ವಾಚಕರು ಬಲ್ಲರು. ಅದಕ್ಕೆ ಮೇಜು ಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯ ಎಷ್ಟೋ ಮನೆಗಳಲ್ಲಿ ಪಡಸಾಲೆಯ ಜಮಖಾನೆಯೇ ಮೇಜು. ಅದರ ಮೇಲೆ ಮೌಸು ತಡವರಿಸುತ್ತದೆ. ವೃದ್ಧರ ಮಣಿಕಟ್ಟು ನೋಯುತ್ತದೆ. ಇಂಥವರಿಗೆ ಕೈಯಲ್ಲಿಯೇ ಹಿಡಿದು ಬಳಸುವ ಗುಂಡಿನ ಮೌಸು ಒದಗಬಲ್ಲುದು.

ಇದರಲ್ಲಿ ಉಪಕರಣವು ಸರಿದಾಡುವುದಿಲ್ಲ. ಅದರೊಳಗಿನ ಗುಂಡನ್ನು ಹೆಬ್ಬೆರಳಿನಿಂದ ಉರುಳಿಸಿದಂತೆ ಬಾಣವು ಚಲಿಸುತ್ತದೆ. ಕೆಳಗಿನ ಬಟನ್ನನ್ನು ತೋರುಬೆರಳು ಒತ್ತುತ್ತದೆ. ಈ ಗುಂಡಿನ ಉಪಾಯವು ಮೌಸಿಗಿಂತಲೂ ಹಿರಿಯದು. ಬ್ರಿಟಿಷ್ ನೌಕಾದಳದ ಕಾರ್ಯಕ್ಕಾಗಿ ರಾಲ್ಫ್ ಬೆಂಜಮಿನ್ನರು 1946ರಲ್ಲಿಯೇ ಇದನ್ನು ಕಲ್ಪಿಸಿದರು; ಕೆನಡಾದವರು 1952ರ ಸುಮಾರಿಗೆ ಬೌಲಿಂಗ್ ಆಟದ ಚೆಂಡನ್ನೇ ಇದಕ್ಕೆ ಬಳಸಿದರು. ಡಗ್ಲಸ್ ಎಂಗೆಲ್‌ಬಾರ್ಟರ ಮೌಸು ಹುಟ್ಟಿದ್ದು 1960ರ ದಶಕದಲ್ಲಿ.

ಇಷ್ಟು ಸಣ್ಣ ಸಾಧನದ ವಿಚಾರವೇಕೆಂದು ಕೇಳಬಹುದು. 'ಭೂಮಿ' ಯೋಜನೆಯಿಂದ ನಮ್ಮ ಜಮೀನುಗಳ ಉತಾರಗಳು 2002ರ ಹೊತ್ತಿಗೆ ಗಣಕಕ್ಕೇರಿದವು. ಇಂದು ಮನೆಯಲ್ಲಿಯೇ ಅವನ್ನು ನೋಡಬಹುದು. ಆದರೆ ಜಿಲ್ಲೆ, ತಾಲೂಕು, ಹೋಬಳಿ, ಗ್ರಾಮ, ಹಿಸ್ಸೆಗಳನ್ನು ಒಂದೊಂದಾಗಿ ಆರಿಸಬೇಕು. ಕೈ ನಡುಗಿದರೆ ಬಾಣವು ನೆರೆಯೂರಿನ ಹೆಸರಿನ ಮೇಲೆ ಕೂಡುತ್ತದೆ. ಆಗ ತನ್ನ ಹೊಲದ ಮೇಲಿನ ಸಾಲದ ಬೋಜಾ ಎಷ್ಟೆಂಬುದನ್ನು ಹಿರಿಯನು ಪರರಿಂದ ಓದಿಸಿಕೊಳ್ಳಬೇಕಾಗುತ್ತದೆ. ಮನೆಯ ಗುಟ್ಟು ಹೊರಬೀಳುವುದು ಇಂಥಲ್ಲಿಯೇ.

ನಾನು ಬಳಸಿ ಕಂಡ ಗುಣದೋಷಗಳು ಹೀಗಿವೆ. ತೊಡೆಯ ಮೇಲೆ ಕೈಯಿಟ್ಟು, ಗೋಡೆಗೊರಗಿ ಕೆಲಸ ಮಾಡಬಹುದು, ಮಣಿಕಟ್ಟಿಗೆ ವಿಶ್ರಾಂತಿ. ಎಡಗೈಯವರಿಗೂ ಸಲ್ಲುವ ಮಾದರಿಗಳುಂಟು. ಆದರೆ ಮೊದಲ ದಿನಗಳಲ್ಲಿ ಬಾಣವು ಗುರಿ ದಾಟಿ ಓಡುತ್ತದೆ. ಗಣಕದಲ್ಲಿ ಅದರ ವೇಗವನ್ನು ತಗ್ಗಿಸಿಕೊಳ್ಳಬೇಕು. ಬಟನ್ನನ್ನು ಒತ್ತಿ ಹಿಡಿದೇ ಗುಂಡನ್ನು ಉರುಳಿಸುವುದಕ್ಕೆ ಅಭ್ಯಾಸ ಬೇಕು. ಎರಡೂ ಕೈಗಳಿಂದ ಅಕ್ಷರ ಒತ್ತುವಾಗ ಇದನ್ನು ಕೆಳಗಿಡಲೇಬೇಕು. ಬಹುಹೊತ್ತು ಬಳಸಿದರೆ ನೋವು ಮಣಿಕಟ್ಟನ್ನು ಬಿಟ್ಟು ಹೆಬ್ಬೆರಳಿನ ಬುಡಕ್ಕೆ ಸೇರುತ್ತದೆ. ಆ ಕೀಲಿನಲ್ಲಿ ಮೊದಲೇ ಬೇನೆಯಿದ್ದವರು ಇದನ್ನು ಕೊಳ್ಳದಿರುವುದು ಲೇಸು. ಉಳಿದ ಬೆರಳುಗಳಿಂದ ಉರುಳಿಸುವ ದೊಡ್ಡ ಗುಂಡಿನ ಮಾದರಿಯು ಅವರಿಗೆ ಹಿತ.

ನಮ್ಮ ಎರೆನೆಲದ ಧೂಳೂ ಕೈಯ ಜಿಡ್ಡೂ ಕೂಡಿ ಗುಂಡಿನ ಕೆಳಗೆ ಕಿಟ್ಟ ಕಟ್ಟುತ್ತದೆ. ಗುಂಡನ್ನು ಹೊರತೆಗೆಯಲು ಬರುವ ಮಾದರಿಯನ್ನೇ ಆರಿಸಿ, ವಾರಕ್ಕೊಮ್ಮೆ ಒಣ ಅರಿವೆಯಿಂದ ಒರೆಸಿರಿ.

ಕೊಳ್ಳುವ ಮೊದಲು, ಬಳಸುವವರ ಕೈಗೇ ಅದನ್ನು ಕೊಟ್ಟು ನೋಡಿರಿ. ಮುಷ್ಟಿಗೆ ಹೊಂದದ ಉಪಕರಣವು ಅಳತೆ ತಪ್ಪಿದ ಕೆರವಿನಂತೆ. ಬೆಲೆ ಎಷ್ಟೇ ಇರಲಿ, ಮೂಲೆ ಸೇರುವುದು ತಪ್ಪದು.